ಪೂರಕ ಪಾಠ: ಒಂದು ವಿಡಿಯೊದಿಂದ ಇನ್ನೊಂದಕ್ಕೆ – ತಡ ಯಾಕೆ, ಬೇಗ ಹೇಗೆ?



ಈ ಪಾಠ ಸ್ವಲ್ಪ ಉದ್ದ ಉಂಟು. ಒಂದೇ ದಿನ ಓದಿ ಮುಗಿಸಬೇಕೆಂದಿಲ್ಲ. ಎರಡು ದಿನ ತೆಗೆದುಕೊಳ್ಳಿ. ಲೆಕ್ಕ ಬಂದಲ್ಲಿ ಪೆನ್ಸಿಲು ಹಿಡಿದು ನೀವೂ ಲೆಕ್ಕ ಮಾಡಿ ನೋಡಿ.

ನಿಮ್ಮ ಮೊಬೈಲಿನಲ್ಲಿ ವಿಡಿಯೊ ನೋಡುತ್ತೀರಿ. ಅಡಿಕೆಗೆ ಬೋರ್ಡೊ ದ್ರಾವಣ ಮಾಡುವ ಕ್ರಮ, ಅರ್ಜಿ ತುಂಬಿಸುವ ಕ್ರಮ, ಯಕ್ಷಗಾನ, ಮಕ್ಕಳ ಪಾಠ ಎಲ್ಲ ಅದರಲ್ಲಿ ಸಿಗ್ತದೆ. ಒಂದು ಮುಗಿಯಿತು, ಇನ್ನೊಂದನ್ನು ಒತ್ತಿದಿರಿ. ಪರದೆ ಕಪ್ಪಾಯಿತು. ನಡುವೆ ಒಂದು ಬಳೆ ಸುತ್ತುತ್ತಾ ಕೂತಿತು. “ಇದೆಂತ ಮಗಾ, ಸುತ್ತುವುದೇ ಆಯಿತಲ್ಲ?” ಎಂದು ಅಜ್ಜಿ ಕೇಳಿದರೆ, “ನೆಟ್ ಇಲ್ಲ ಅಜ್ಜಿ” ಎಂದು ಮೊಮ್ಮಗಳು ಹೇಳಿಬಿಡುತ್ತಾಳೆ. ಆದರೆ ನೆಟ್ ಇರುವಾಗಲೂ ಅದು ಸುತ್ತುತ್ತದೆ, ಅಲ್ವಾ? ಹಾಗಾದರೆ ಕಾರಣ ಬೇರೆಯೂ ಇರಬೇಕು.

ಇದು ಬರೀ ಮನರಂಜನೆಯ ಮಾತಲ್ಲ. ಕಲಿಕಾ ಕೇಂದ್ರಕ್ಕೆ ಬರುವವರು ಹಗಲೆಲ್ಲ ಬೀಡಿ ಕಟ್ಟಿ, ಅಡಿಕೆ ಸುಲಿದು, ಮನೆ ಕೆಲಸ ಮುಗಿಸಿ ಬರುವವರು. ಅವರಿಗೆ ಸಿಗುವುದು ಒಂದು ಗಂಟೆ. ಆ ಗಂಟೆಯಲ್ಲಿ ಪ್ರೇರಕಿ 12 ಚಿಕ್ಕ ವಿಡಿಯೊ ತೋರಿಸುತ್ತಾರೆ ಎಂದುಕೊಳ್ಳಿ. ಪ್ರತಿ ಸಲ ಬದಲಾಯಿಸುವಾಗ 10 ಸೆಕೆಂಡು ಹೋದರೆ ಒಟ್ಟು 120 ಸೆಕೆಂಡು, ಅಂದರೆ 2 ನಿಮಿಷ. ಲೆಕ್ಕಕ್ಕೆ ಎರಡೇ ನಿಮಿಷ. ಆದರೆ ಪ್ರತಿ 10 ಸೆಕೆಂಡಿನಲ್ಲಿ ಒಬ್ಬರು ಮನೆಯ ಮಾತು ತೆಗೆಯುತ್ತಾರೆ, ಒಬ್ಬರು ಆಕಳಿಸುತ್ತಾರೆ, ಒಬ್ಬರು ಎದ್ದು ಹೋಗುತ್ತಾರೆ. ಹೋದ ಗಮನವನ್ನು ತಿರುಗಿ ತರುವುದಕ್ಕೆ 10 ಸೆಕೆಂಡು ಸಾಲುವುದಿಲ್ಲ. ಅದರ ಮೇಲೆ ರೀಚಾರ್ಜಿನ ದುಡ್ಡು ಬೇರೆ. ಅದರ ಲೆಕ್ಕ ಮುಂದೆ ಬರ್ತದೆ.

ಹಳೆಯ ಟಿ.ವಿ.ಯಲ್ಲಿ ಹೀಗಿರಲಿಲ್ಲ

ಮನೆ ಮಾಡಿನ ಮೇಲೆ ಅಂಟೆನಾ ಕಟ್ಟಿ ದೂರದರ್ಶನ ನೋಡಿದ ನೆನಪು ಕೆಲವರಿಗೆ ಇರಬಹುದು. ಗುಂಡಿ ತಿರುಗಿಸಿದ ಕೂಡಲೇ ಚಿತ್ರ. ಚಿತ್ರದಲ್ಲಿ ಮಳೆ ಹನಿದ ಹಾಗೆ ಚುಕ್ಕೆ ಇದ್ದರೂ ಕಾಯುವ ಕೆಲಸ ಇರಲಿಲ್ಲ. ಆ ಟಿ.ವಿ.ಗೆ ಸೆಕೆಂಡಿಗೆ 25 ಚಿತ್ರ ಬರುತ್ತಿತ್ತು. 25ಕ್ಕೆ 25 ಕೂಡ ಪೂರ್ತಿ ಚಿತ್ರವೇ. ನೀವು ಯಾವ ಕ್ಷಣದಲ್ಲಿ ಒಳಗೆ ಹೊಕ್ಕರೂ ಮುಂದಿನ ಚಿತ್ರ ಇಡೀ ಸಿಗುತ್ತಿತ್ತು.

ಈಗಿನ ವಿಡಿಯೊ ಹಾಗಲ್ಲ. ಹಾಗೆ ಕಳಿಸಲಿಕ್ಕೆ ಆಗುವುದೂ ಇಲ್ಲ. ಯಾಕೆ ನೋಡಿ. 1280 ಚುಕ್ಕೆ ಅಗಲ, 720 ಚುಕ್ಕೆ ಎತ್ತರದ ಒಂದು ಚಿತ್ರ ಉಂಟು. ಪ್ರತಿ ಚುಕ್ಕೆಯ ಬಣ್ಣಕ್ಕೆ 3 ಬೈಟು. ಗುಣಿಸಿದರೆ 27,64,800 ಬೈಟು. ಇಂಥ 25 ಚಿತ್ರ ಸೇರಿದರೆ ಒಂದೇ ಸೆಕೆಂಡಿಗೆ ಸುಮಾರು 69 ಮೆಗಾಬೈಟು! ದಿನಕ್ಕೆ ಒಂದೂವರೆ ಜಿ.ಬಿ. ಸಿಗುವ ಪ್ಯಾಕು ಅರ್ಧ ನಿಮಿಷಕ್ಕೆ ಮೊದಲೇ ಖಾಲಿ. ಆದುದರಿಂದ ವಿಡಿಯೊವನ್ನು ಹಿಂಡಿ ಸಣ್ಣದು ಮಾಡುತ್ತಾರೆ.

ಹಿಂಡುವುದು ಹೇಗೆ? ಯಕ್ಷಗಾನದ ರಂಗಸ್ಥಳವನ್ನು ನೆನಪಿಸಿಕೊಳ್ಳಿ. ಹಿಂದೆ ಭಾಗವತರು ಕೂತಿದ್ದಾರೆ. ಪಕ್ಕದಲ್ಲಿ ಚೆಂಡೆ, ಮದ್ದಳೆ. ಮೇಲೆ ಬಾಳೆ, ಮಾವಿನೆಲೆಯ ತೋರಣ. ಇದೆಲ್ಲ ಇದ್ದ ಹಾಗೇ ಇರ್ತದೆ. ಕುಣಿಯುವುದು ವೇಷ ಮಾತ್ರ. ಹಾಗಿರುವಾಗ ತೋರಣವನ್ನು ಸೆಕೆಂಡಿಗೆ 25 ಸಲ ಬರೆದು ಕಳಿಸುವುದು ಎಂತಕ್ಕೆ? ಒಂದು ಸಲ ಇಡೀ ರಂಗಸ್ಥಳವನ್ನು ಬರೆದರಾಯಿತು. ಆಮೇಲೆ “ವೇಷದ ಕೈ ಇಲ್ಲಿಗೆ ಬಂತು, ಕಾಲು ಅಲ್ಲಿಗೆ ಹೋಯಿತು” ಎಂದು ಬದಲಾವಣೆಯನ್ನು ಮಾತ್ರ ಬರೆದರೆ ಸಾಕು. ಈ ಮೊದಲನೆಯ ಇಡೀ ಚಿತ್ರಕ್ಕೆ ಕೀಫ್ರೇಮ್ ಎಂದು ಹೆಸರು. ನಾವು ಪೂರ್ಣಚಿತ್ರ ಎನ್ನೋಣ.

ಇಲ್ಲೇ ಮೊದಲನೆಯ ತಡ ಹುಟ್ಟುವುದು. ನೀವು ನಡುವಿನಲ್ಲಿ ಹೊಕ್ಕರೆ ಸಿಗುವುದು “ಕೈ ಇಲ್ಲಿಗೆ ಬಂತು” ಎಂಬ ಚೀಟಿ ಮಾತ್ರ. ಯಾರ ಕೈ, ಯಾವ ರಂಗಸ್ಥಳ ಎಂದು ಯಂತ್ರಕ್ಕೆ ಗೊತ್ತಿಲ್ಲ. ಮುಂದಿನ ಪೂರ್ಣಚಿತ್ರ ಬರುವ ತನಕ ಅದು ಕಾಯಲೇಬೇಕು. ಡಿಶ್ ಟಿ.ವಿ.ಯಲ್ಲಿ ಚಾನೆಲ್ ಬದಲಿಸಿದಾಗ ಒಂದೆರಡು ಸೆಕೆಂಡು ಕಪ್ಪು ಕಾಣುವುದಕ್ಕೆ ಇದೂ ಒಂದು ಕಾರಣ. ಪೂರ್ಣಚಿತ್ರವನ್ನು 2 ಸೆಕೆಂಡಿಗೊಂದು ಇಟ್ಟರೆ ಬೇಗ ಹೊಗಬಹುದು, ಆದರೆ ವಿಡಿಯೊದ ತೂಕ ಹೆಚ್ಚುತ್ತದೆ. 10 ಸೆಕೆಂಡಿಗೊಂದು ಇಟ್ಟರೆ ತೂಕ ಕಡಿಮೆ, ಕಾಯುವುದು ಹೆಚ್ಚು.

ತುಂಡು ತುಂಡಾಗಿ ಬರುವ ವಿಡಿಯೊ

ಇಂಟರ್ನೆಟ್ಟಿನಲ್ಲಿ ವಿಡಿಯೊವನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ ಇಡುತ್ತಾರೆ. ಆಪಲ್ ಕಂಪನಿ 2009ರಲ್ಲಿ ಎಚ್‌ಎಲ್‌ಎಸ್ ಎಂಬ ಕ್ರಮ ತಂದಿತು. 2012ರಲ್ಲಿ ಡ್ಯಾಶ್ ಎಂಬ ಅಂತರರಾಷ್ಟ್ರೀಯ ಕ್ರಮ ಪ್ರಕಟವಾಯಿತು. ಎರಡರ ಉಪಾಯವೂ ಒಂದೇ. ತುಂಡುಗಳ ಒಂದು ಪಟ್ಟಿ ಇರುತ್ತದೆ. ಫೋನು ಮೊದಲು ಪಟ್ಟಿ ತರಿಸುತ್ತದೆ, ಆಮೇಲೆ ಒಂದೊಂದೇ ತುಂಡನ್ನು ತರಿಸುತ್ತದೆ. ಸಾಮಾನ್ಯವಾಗಿ ಪ್ರತಿ ತುಂಡಿನ ಮೊದಲಿಗೆ ಒಂದು ಪೂರ್ಣಚಿತ್ರ ಇರುತ್ತದೆ. ಆಪಲ್ ಮೊದಲು ಒಂದು ತುಂಡು 10 ಸೆಕೆಂಡು ಇರಲಿ ಎಂದಿತ್ತು. 2016ರಲ್ಲಿ 6 ಸೆಕೆಂಡು ಸಾಕು ಎಂದಿತು. ತುಂಡು ಚಿಕ್ಕದಾದರೆ ಮೊದಲ ತುಂಡು ಬೇಗ ಕೈಗೆ ಸಿಗ್ತದೆ ತಾನೇ?

ಒಂದೇ ತುಂಡಿಗೆ ಮೂರು ನಾಲ್ಕು ಪ್ರತಿ ಇರುತ್ತವೆ. ಒಂದು ಬಹಳ ಸ್ಪಷ್ಟ, ಒಂದು ಮಧ್ಯಮ, ಒಂದು ಮಸುಕು. ನೆಟ್ ಬಲವಾಗಿದ್ದರೆ ಫೋನು ಸ್ಪಷ್ಟವಾದದ್ದನ್ನು ತರಿಸುತ್ತದೆ, ಇಲ್ಲದಿದ್ದರೆ ಮಸುಕಾದದ್ದನ್ನು. ವಿಡಿಯೊ ಮೊದಲು ಮಸುಕಾಗಿದ್ದು ಮತ್ತೆ ತಿಳಿಯಾಗುವುದನ್ನು ನೀವು ಕಂಡಿರಬಹುದು. ಕೆಲವರು ಅದನ್ನು ಕಂಡು ಫೋನು ಹಾಳಾಯಿತು ಎನ್ನುತ್ತಾರೆ. ಹಾಳಾದದ್ದಲ್ಲ. ನಿಮ್ಮನ್ನು ಕಾಯಿಸಬಾರದೆಂದು ಹಗುರವಾದ ತುಂಡನ್ನು ಮೊದಲು ತಂದಿದೆ, ಅಷ್ಟೆ.

ಸುರಂಗ, ಟಾಂಕಿ, ಪೈಪು

ನಮ್ಮ ಬಾಯಾರು, ಪಡ್ರೆ ಕಡೆಯ ಗುಡ್ಡಗಳಲ್ಲಿ ಸುರಂಗ ಉಂಟು. ಸುರಂಗದ ನೀರು ಹನಿ ಹನಿಯಾಗಿ ಒಸರುತ್ತದೆ. ಹಿಂದೆ ಅಡಿಕೆ ಮರದ ದಂಬೆಯಲ್ಲಿ, ಈಗ ಪೈಪಿನಲ್ಲಿ ಅದು ಟಾಂಕಿಗೆ ಬರ್ತದೆ. ಟಾಂಕಿಯಿಂದ ತೋಟಕ್ಕೆ. ಸುರಂಗದ ನೀರು ಒಂದು ಹೊತ್ತು ಸಣ್ಣದಾದರೂ ಟಾಂಕಿಯಲ್ಲಿ ಇರುವಷ್ಟು ಹೊತ್ತು ತೋಟಕ್ಕೆ ತೊಂದರೆಯಿಲ್ಲ. ವಿಡಿಯೊದಲ್ಲಿಯೂ ಹಾಗೆಯೇ. ಮುಂದಿನ ಕೆಲವು ಸೆಕೆಂಡಿನ ತುಂಡುಗಳನ್ನು ಫೋನು ಮೊದಲೇ ತಂದು ಇಟ್ಟುಕೊಳ್ಳುತ್ತದೆ. ಈ ಸಂಗ್ರಹಕ್ಕೆ ಬಫರ್ ಎಂದು ಹೆಸರು. ಬಳೆ ಸುತ್ತುತ್ತದೆ ಎಂದರೆ ಟಾಂಕಿ ತುಂಬುತ್ತಾ ಇದೆ ಎಂದರ್ಥ.

ಈಗ ಮೇಲಿನ ತೋಟದ ವಾಲ್ವು ಕಟ್ಟಿ ಕೆಳಗಿನ ತೋಟದ ವಾಲ್ವು ಬಿಡಿ. ಕೂಡಲೇ ನೀರು ಬರ್ತದಾ? ಇಲ್ಲ. ಮೊದಲು ಗಾಳಿ ಬರ್ತದೆ. ಉದ್ದದ ಪೈಪು ತುಂಬಿ ಆಮೇಲೆ ನೀರು. ಹೊಸ ವಿಡಿಯೊ ಒತ್ತಿದಾಗ ಆಗುವುದೂ ಇದೇ.

ಪೈಪು ತುಂಬುವ ಮೊದಲು ಫೋನಿಗೆ ಎಷ್ಟೋ ಕೆಲಸ ಉಂಟು. ವಿಡಿಯೊ ಇರುವ ಕಂಪ್ಯೂಟರಿನ ವಿಳಾಸ ಕೇಳಬೇಕು. ಅದಕ್ಕೆ “ಇದ್ದೀರಾ?” ಎಂದು ಕೂಗಬೇಕು, “ಇದ್ದೇನೆ” ಎಂಬ ಓಗೊಡುವಿಕೆ ಬರಬೇಕು. ನಡುವಿನಲ್ಲಿ ಯಾರೂ ಕದ್ದು ನೋಡದ ಹಾಗೆ ಬೀಗದ ಒಪ್ಪಂದ ಆಗಬೇಕು. ಆಮೇಲೆ ಪಟ್ಟಿ. ಆಮೇಲೆ ಮೊದಲ ತುಂಡು. ಒಂದೊಂದಕ್ಕೂ ಒಂದು ಹೋಗಿ ಬರುವ ಪ್ರಯಾಣ.

ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಕಂಪ್ಯೂಟರು ಅಮೆರಿಕದಲ್ಲಿ, 14,000 ಕಿ.ಮೀ. ದೂರದಲ್ಲಿದ್ದರೆ ಹೋಗಿ ಬರಲು 28,000 ಕಿ.ಮೀ. ಅಂದರೆ ಸೆಕೆಂಡಿನ ನೂರರಲ್ಲಿ 14 ಭಾಗ. ಇಂಥ ನಾಲ್ಕು ಪ್ರಯಾಣಕ್ಕೆ ಅರ್ಧ ಸೆಕೆಂಡಿಗಿಂತ ಹೆಚ್ಚು. ಯಾವ ಕಂಪನಿಯೂ ಗಾಜಿನೊಳಗೆ ಬೆಳಕನ್ನು ಇದಕ್ಕಿಂತ ಬೇಗ ಓಡಿಸಲಾರದು. ಹಾಗಾಗಿ ಅವರು ದೂರವನ್ನೇ ಕಡಿಮೆ ಮಾಡಿದರು. ರೇಷನ್ ಅಕ್ಕಿ ತರಲು ನೀವು ದೊಡ್ಡ ಗೋದಾಮಿಗೆ ಹೋಗುತ್ತೀರಾ? ಹತ್ತಿರದ ರೇಷನ್ ಅಂಗಡಿಗೆ ಹೋಗುತ್ತೀರಿ. ಹಾಗೆ ಜನಪ್ರಿಯ ವಿಡಿಯೊಗಳ ಪ್ರತಿಗಳನ್ನು ನೋಡುವವರ ಹತ್ತಿರದ ಊರುಗಳಲ್ಲಿ ಇಡುತ್ತಾರೆ. ಈ ವ್ಯಾಪಾರಕ್ಕೆಂದು ಅಕಾಮೈ ಎಂಬ ಕಂಪನಿ 1998ರಲ್ಲೇ ಸ್ಥಾಪನೆಯಾಗಿತ್ತು. ನೆಟ್‌ಫ್ಲಿಕ್ಸ್ 2012ರಲ್ಲಿ ತನ್ನದೇ ಪೆಟ್ಟಿಗೆಗಳನ್ನು ಇಂಟರ್ನೆಟ್ ಕೊಡುವವರ ಬಳಿ ಇಡುವ ಕ್ರಮ ಪ್ರಕಟಿಸಿತು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಹೊಸ ಸಂಪರ್ಕ ಆದ ಕೂಡಲೇ ಕಂಪ್ಯೂಟರು ಪೂರ್ತಿ ವೇಗದಲ್ಲಿ ಕಳಿಸುವುದಿಲ್ಲ. ದಾರಿ ಎಷ್ಟು ತಡೆಯುತ್ತದೋ ಎಂದು ಹೆದರಿ ಮೊದಲ ಸಲ ಸುಮಾರು 14 ಕಿಲೊಬೈಟು ಮಾತ್ರ ಕಳಿಸುತ್ತದೆ. ಅದು ತಲುಪಿತು ಎಂದು ತಿಳಿದ ಮೇಲೆ 28, ಆಮೇಲೆ 56, ಆಮೇಲೆ 112. ಹೊಸ ಡ್ರೈವರು ಘಾಟಿಯಲ್ಲಿ ಬಸ್ಸು ಬಿಟ್ಟ ಹಾಗೆ. ಸಂಪರ್ಕ ಕಡಿದು ಇನ್ನೊಮ್ಮೆ ಕಟ್ಟಿದರೆ ಪುನಃ 14ರಿಂದಲೇ ಶುರು. ಆದುದರಿಂದ ಒಳ್ಳೆಯ ಆಪ್ ಒಂದು ವಿಡಿಯೊ ಮುಗಿದ ಕೂಡಲೇ ಸಂಪರ್ಕ ಕಡಿಯುವುದಿಲ್ಲ. ಅದೇ ಪೈಪಿನಲ್ಲಿ ಮುಂದಿನದನ್ನು ತರಿಸುತ್ತದೆ. ಹಿಂದಿನ ವಿಡಿಯೊದಲ್ಲಿ ಅಳೆದ ವೇಗವನ್ನೂ ನೆನಪಿಟ್ಟು, ಮುಂದಿನದಕ್ಕೆ ಯಾವ ಪ್ರತಿ ತರಿಸಬೇಕೆಂದು ಮೊದಲೇ ನಿಶ್ಚಯಿಸುತ್ತದೆ. 2021ರಲ್ಲಿ ಪಕ್ಕಾ ಆದ ಕ್ವಿಕ್ ಎಂಬ ನಿಯಮದಲ್ಲಿ ಕೂಗುವುದೂ ಬೀಗದ ಒಪ್ಪಂದವೂ ಒಂದೇ ಪ್ರಯಾಣದಲ್ಲಿ ಮುಗಿಯುತ್ತವೆ. ಮೊದಲೇ ಪರಿಚಯ ಇದ್ದರೆ ನಮಸ್ಕಾರ ಹೇಳುವಾಗಲೇ ಬೇಕಾದ್ದನ್ನೂ ಕೇಳಿಬಿಡಬಹುದು. ಬಡಕಲು ನೆಟ್ ಇರುವಲ್ಲಿ ಇದರ ಉಪಕಾರ ಹೆಚ್ಚು.

ಚೌಕಿಯಲ್ಲಿ ಮುಂದಿನ ವೇಷ

ಯಕ್ಷಗಾನದಲ್ಲಿ ಒಂದು ವೇಷ ಕುಣಿಯುವಾಗ ಮುಂದಿನ ವೇಷ ಚೌಕಿಯಲ್ಲಿ ಸಿದ್ಧವಾಗಿ ಕೂತಿರುತ್ತದೆ. ಆಟದ ನಡುವೆ “ಸ್ವಲ್ಪ ನಿಲ್ಲಿ, ಈಗ ಬಣ್ಣ ಹಚ್ಚುತ್ತಾರೆ” ಎಂದು ಭಾಗವತರು ಹೇಳಿದ್ದನ್ನು ಕೇಳಿದ್ದೀರಾ? ಬೆರಳಿನಿಂದ ಮೇಲೆ ತಳ್ಳಿ ನೋಡುವ ಚಿಕ್ಕ ವಿಡಿಯೊಗಳ ಗುಟ್ಟು ಇದೇ. ಭಾರತದಲ್ಲಿ 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಜುಲೈಯಲ್ಲಿ ಇನ್‌ಸ್ಟಾಗ್ರಾಂನ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ಶಾರ್ಟ್ಸ್ ಇಲ್ಲಿ ಬಂದವು. ಇಂಥವುಗಳಲ್ಲಿ ಮುಂದೆ ಯಾವ ವಿಡಿಯೊ ಎಂದು ಆಪ್‌ಗೆ ಮೊದಲೇ ಗೊತ್ತು. ನೀವು ಒಂದನ್ನು ನೋಡುವಾಗಲೇ ಮುಂದಿನದರ ಮೊದಲ ಭಾಗವನ್ನು ತಂದು, ಬಿಡಿಸಿ, ಪೂರ್ಣಚಿತ್ರವನ್ನು ಸಿದ್ಧ ಮಾಡಿ ಇಡಬಹುದು. ನೀವು ತಳ್ಳಿದ ಕೂಡಲೇ ವೇಷ ರಂಗಸ್ಥಳಕ್ಕೆ ಬರ್ತದೆ.

ಹಾಗೆಂದು ಹತ್ತು ವೇಷವನ್ನು ಒಟ್ಟಿಗೆ ಸಿದ್ಧ ಮಾಡಿದರೆ ಚೌಕಿಯಲ್ಲಿ ಜಾಗ ಸಾಲುವುದಿಲ್ಲ. ವಿಡಿಯೊ ಬಿಡಿಸುವ ಭಾಗ ಫೋನಿನಲ್ಲಿ ಕೆಲವೇ ಇರುತ್ತದೆ. ಕಡಿಮೆ ಬೆಲೆಯ ಫೋನಿನಲ್ಲಿ ಇನ್ನೂ ಕಡಿಮೆ. ರಂಗಸ್ಥಳದಲ್ಲಿ ಒಂದು, ಚೌಕಿಯಲ್ಲಿ ಒಂದು ಇದ್ದರೆ ಸಾಕು.

ಬೇಗ ಆದರೆ ಸಾಲದು, ನಯವಾಗಿಯೂ ಇರಬೇಕು. ಹೊಸ ಚಿತ್ರ ಬರುವ ತನಕ ಪರದೆ ಕಪ್ಪಾದರೆ ಕಣ್ಣಿಗೆ ಪೆಟ್ಟು ಬಿದ್ದ ಹಾಗೆ. ಹಳೆಯ ವಿಡಿಯೊದ ಕೊನೆಯ ಚಿತ್ರವನ್ನು ಅಥವಾ ಹೊಸದರ ಒಂದು ಸ್ಥಿರ ಚಿತ್ರವನ್ನು ಅಲ್ಲೇ ನಿಲ್ಲಿಸಿ, ಸಿದ್ಧವಾದ ಮೇಲೆ ಬದಲಿಸಿದರೆ ತಡ ಆದದ್ದೇ ತಿಳಿಯುವುದಿಲ್ಲ. ಇದು ಮೋಸ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮದುವೆ ಮನೆಯಲ್ಲಿ ಊಟ ತಡವಾದರೆ ಮೊದಲು ಪಾನಕ ಕೊಡುವುದಿಲ್ಲವೇ?

ದುಡ್ಡಿನ ಲೆಕ್ಕ

ಈಗ ಮುಖ್ಯ ವಿಷಯ. 8 ಬಿಟ್ ಸೇರಿದರೆ 1 ಬೈಟು. ಮಧ್ಯಮ ಸ್ಪಷ್ಟತೆಯ ವಿಡಿಯೊಗೆ ಸೆಕೆಂಡಿಗೆ 1 ಮೆಗಾಬಿಟ್ ಬೇಕೆಂದು ಹಿಡಿಯೋಣ. ಅಂದರೆ ಸೆಕೆಂಡಿಗೆ 125 ಕಿಲೊಬೈಟು.

ನೀವು ಒಂದು ವಿಡಿಯೊವನ್ನು 2 ಸೆಕೆಂಡು ನೋಡಿ “ಇದು ಬೇಡ” ಎಂದು ತಳ್ಳಿದಿರಿ. ಅಷ್ಟರಲ್ಲಿ ಆಪ್ ಅದರ 30 ಸೆಕೆಂಡನ್ನೂ ತಂದಿಟ್ಟಿತ್ತು ಎಂದುಕೊಳ್ಳಿ. ನೋಡದೆ ಹೋದದ್ದು 28 ಸೆಕೆಂಡು. 28 ಸಲ 125 ಎಂದರೆ 3,500 ಕಿಲೊಬೈಟು, ಮೂರೂವರೆ ಮೆಗಾಬೈಟು. ಇಂಥ 100 ವಿಡಿಯೊ ತಳ್ಳಿದರೆ 350 ಮೆಗಾಬೈಟು. ದಿನದ ಒಂದೂವರೆ ಜಿ.ಬಿ.ಯಲ್ಲಿ ಸುಮಾರು ಕಾಲು ಭಾಗ, ಕಣ್ಣಿಗೂ ಕಾಣದೆ, ಕಿವಿಗೂ ಕೇಳದೆ ಹೋಯಿತು. ವಾಲ್ವು ಕಟ್ಟದೆ ಬಿಟ್ಟ ಪೈಪಿನಿಂದ ನೀರು ಕಣಿಗೆ ಹರಿದ ಹಾಗೆ. “ಬೆಳಿಗ್ಗೆ ಇತ್ತು, ಸಂಜೆ ಮಗುವಿನ ಪಾಠ ನೋಡುವಾಗ ಇಲ್ಲ” ಎಂದು ಎಷ್ಟೋ ತಾಯಂದಿರು ಹೇಳುವುದುಂಟು. ನೀರು ಹೋದ ದಾರಿ ಇದಾಗಿರಬಹುದು.

ಒಳ್ಳೆಯ ಆಪ್ ಯಾವುದು? ಮುಂದಿನ ಒಂದೆರಡು ವಿಡಿಯೊಗಳ ಮೊದಲ ಕೆಲವು ಸೆಕೆಂಡನ್ನು ಮಾತ್ರ ತರುವುದು, ಈಗಿನದನ್ನು ಬಹಳ ಮುಂದಕ್ಕೆ ತಂದು ರಾಶಿ ಹಾಕದಿರುವುದು, ನೀವು ತಳ್ಳಿದ ಕೂಡಲೇ ಹಳೆಯದನ್ನು ತರಿಸುವ ಕೆಲಸ ನಿಲ್ಲಿಸುವುದು. ನಿಲ್ಲಿಸದಿದ್ದರೆ ಹಳೆಯದು ಹೊಸದರ ಪೈಪನ್ನು ಹಂಚಿಕೊಳ್ಳುತ್ತದೆ. ಆಗ ದುಡ್ಡೂ ಹೋಯಿತು, ಹೊಸ ವಿಡಿಯೊ ತಡವೂ ಆಯಿತು.

ನೀವು ಎಂತ ಮಾಡಬಹುದು?

ಆಪ್ ಮಾಡುವುದು ದೂರದ ಎಂಜಿನಿಯರುಗಳ ಕೆಲಸ. ಆದರೆ ನಮ್ಮ ಕೈಯಲ್ಲಿಯೂ ಕೆಲವು ಉಂಟು. ತರಗತಿಗೆ ವಿಡಿಯೊ ತೋರಿಸುವವರು ಹಿಂದಿನ ದಿನವೇ ಅವನ್ನು ಫೋನಿಗೆ ಇಳಿಸಿಕೊಳ್ಳಲಿ. ಅನೇಕ ವಿಡಿಯೊಗಳ ಕೆಳಗೆ ಡೌನ್‌ಲೋಡ್ ಗುಂಡಿ ಇರುತ್ತದೆ, ಎಲ್ಲದಕ್ಕೂ ಇರುವುದಿಲ್ಲ. ಇಳಿಸಿದ ವಿಡಿಯೊ ಬದಲಿಸುವುದಕ್ಕೆ ನೆಟ್ ಕಾಯಬೇಕಾಗಿಲ್ಲ. ನನ್ನ ಪ್ರಕಾರ ಉಳಿದ ಎಲ್ಲ ಉಪಾಯಕ್ಕಿಂತ ಇದೊಂದೇ ಮೇಲು. ಇಳಿಸಲಿಕ್ಕೆ ಆಗದವನ್ನು ತೋರಿಸುವ ಕ್ರಮದಲ್ಲಿ ಒಂದು ಪಟ್ಟಿ ಮಾಡಿ ಇಡಿ. ಪ್ರತಿ ಸಲ ಹೆಸರು ಬರೆದು ಹುಡುಕುವುದರಲ್ಲಿಯೇ ಹೆಚ್ಚು ಹೊತ್ತು ಹೋಗುವುದು.

ಸ್ಪಷ್ಟತೆಯನ್ನು 360ಕ್ಕೆ ಇಳಿಸಿ ನೋಡಿ. ಎಂಟು ಜನ ಒಂದು ಚಿಕ್ಕ ಫೋನಿನ ಸುತ್ತ ಕೂತಾಗ ಮುಖ್ಯ ಬೇಕಾದ್ದು ಸ್ವರ. ಬೋರ್ಡಿನ ಮೇಲೆ ಸಣ್ಣ ಅಕ್ಷರ ಬರೆದು ತೋರಿಸುವ ವಿಡಿಯೊ ಮಾತ್ರ ಮಸುಕಾದರೆ ಪ್ರಯೋಜನವಿಲ್ಲ, ಅದಕ್ಕೆ ಏರಿಸಿ. ಬಳೆ ಸುತ್ತುವಾಗ ಪುನಃ ಪುನಃ ಒತ್ತಬೇಡಿ. ಪ್ರತಿ ಒತ್ತಿಗೆ ಕೆಲಸ ಮೊದಲಿನಿಂದ ಶುರುವಾಗುವುದುಂಟು. ಡೇಟಾ ಉಳಿಸುವ ಆಯ್ಕೆ ಹಲವು ಆಪ್‌ಗಳಲ್ಲಿ ಇದೆ. ಅದನ್ನು ಹಾಕಿದರೆ ದುಡ್ಡು ಉಳಿಯುತ್ತದೆ, ಬದಲಾಗುವುದು ಸ್ವಲ್ಪ ನಿಧಾನ ಆಗಬಹುದು. ಯಾವುದು ಬೇಕೆಂದು ನಿಮ್ಮ ಪ್ಯಾಕು ನೋಡಿ ನೀವೇ ನಿಶ್ಚಯಿಸಿ.

ಗಡಿಯ ಊರುಗಳಲ್ಲಿ ಇನ್ನೊಂದು ತಾಪತ್ರಯ. ಫೋನು ಒಮ್ಮೆ ಕೇರಳದ ಟವರು, ಒಮ್ಮೆ ಕರ್ನಾಟಕದ ಟವರು ಹಿಡಿಯುವುದುಂಟು. ಹಾರುವಾಗ ಸಂಪರ್ಕ ಕಡಿದರೆ ಪುನಃ ಕೂಗುವುದು, ಬೀಗ, 14 ಕಿಲೊಬೈಟು ಎಲ್ಲ ಮೊದಲಿನಿಂದ. ಮನೆಯಲ್ಲಿ ಒಂದೇ ಟವರು ಗಟ್ಟಿಯಾಗಿ ಸಿಗುವ ಜಾಗ ಯಾವುದೆಂದು ನೋಡಿ, ಅಲ್ಲೇ ಕೂತು ನೋಡಿ.

ನಿಮ್ಮ ಸಂಘದವರು ಸ್ವತಃ ವಿಡಿಯೊ ಮಾಡಿ ನಿಮ್ಮದೇ ಜಾಲತಾಣದಲ್ಲಿ ಹಾಕುವುದಿದ್ದರೆ ಒಂದು ಮಾತು. ಎಂಪಿ4 ಎಂಬ ಕಡತದ ಒಳಗೆ ಒಂದು ಪರಿವಿಡಿ ಇರುತ್ತದೆ. ಹಲವು ಸಲ ಅದು ಕಡತದ ಕೊನೆಯಲ್ಲಿ ಸೇರಿರುತ್ತದೆ. ಪರಿವಿಡಿ ಇಲ್ಲದೆ ಫೋನಿಗೆ ವಿಡಿಯೊ ಶುರು ಮಾಡಲು ಬರುವುದಿಲ್ಲ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನದಲ್ಲಿ ಫಾಸ್ಟ್‌ಸ್ಟಾರ್ಟ್ ಎಂಬ ಆಯ್ಕೆ ಕೊಟ್ಟರೆ ಪರಿವಿಡಿ ಮುಂದಕ್ಕೆ ಬರ್ತದೆ. ವಿಡಿಯೊದ ಸ್ಪಷ್ಟತೆ ಒಂದಿಷ್ಟೂ ಕೆಡುವುದಿಲ್ಲ. ಕಂಪ್ಯೂಟರು ಬಲ್ಲ ಮಕ್ಕಳಿಗೆ ಈ ಎರಡು ಹೆಸರು ಬರೆದು ಕೊಡಿ, ಅವರು ಮಾಡಿಕೊಡ್ತಾರೆ.

ಹೊಸ ಪದಗಳು

ಪೂರ್ಣಚಿತ್ರ – ನಡುವೆ ನಡುವೆ ಬರುವ ಇಡೀ ಚಿತ್ರ, ಕೀಫ್ರೇಮ್.
ತುಂಡು – ಕೆಲವು ಸೆಕೆಂಡಿನ ವಿಡಿಯೊ ಭಾಗ.
ಬಫರ್ – ಮೊದಲೇ ತಂದಿಟ್ಟ ಸಂಗ್ರಹ.

ಓದಿ, ಉತ್ತರ ಬರೆಯಿರಿ

1. ಹಳೆಯ ದೂರದರ್ಶನದಲ್ಲಿ ಚಿತ್ರ ಕೂಡಲೇ ಬರುತ್ತಿತ್ತು. ಯಾಕೆ?
2. ವಿಡಿಯೊ ಮೊದಲು ಮಸುಕಾಗಿ ಆಮೇಲೆ ತಿಳಿಯಾಗುವುದು ಯಾಕೆ? ನಿಮ್ಮ ಮನೆಯವರಿಗೆ ಹೇಳುವ ಹಾಗೆ ನಾಲ್ಕು ಸಾಲು ಬರೆಯಿರಿ.
3. ಸೆಕೆಂಡಿಗೆ 2 ಮೆಗಾಬಿಟ್ ಬೇಕಾದ ವಿಡಿಯೊವನ್ನು 1,500 ಮೆಗಾಬೈಟಿನಲ್ಲಿ ಎಷ್ಟು ನಿಮಿಷ ನೋಡಬಹುದು? (ಸುಳಿವು: ಮೊದಲು ಸೆಕೆಂಡಿಗೆ ಎಷ್ಟು ಕಿಲೊಬೈಟು ಎಂದು ತಿಳಿಯಿರಿ. ಉತ್ತರ 100 ಬಂದರೆ ಸರಿ.)
4. ನಾಳೆ ನಿಮ್ಮ ಫೋನಿನಲ್ಲಿ ಚಿಕ್ಕ ವಿಡಿಯೊ ನೋಡುವ ಮೊದಲು ಎಷ್ಟು ಡೇಟಾ ಉಳಿದಿದೆ ಎಂದು ಬರೆದಿಡಿ. ಕಾಲು ಗಂಟೆ ನೋಡಿದ ಮೇಲೆ ಪುನಃ ಬರೆಯಿರಿ. ಕಳೆದು ಬಂದ ಉತ್ತರವನ್ನು ಕೇಂದ್ರಕ್ಕೆ ತನ್ನಿ. ಪಕ್ಕದವರ ಉತ್ತರದೊಂದಿಗೆ ಹೋಲಿಸಿ.